ಇಬ್ಬರಿಗೂ ಹೂಂ ಅಂದವನು

ಮಗಳು ಅಪ್ಪನ ಎಡಗೆನ್ನೆ ಮುಗಿಸಿ ಬಲಗೆನ್ನೆಗೆ ನೊರೆ ಹಚ್ಚುತ್ತಿದ್ದಾಗ ಅಮ್ಮ ಮತ್ತೆ ಕೇಳಿದಳು.

"ಪಾದ್ರಿಗಳಿಗೆ ಏನಂತ ಹೇಳ್ಲಿ?"

"ಬೇಡ ಅಂತ ಹೇಳಿ ಅತ್ತಿಗೆ," ಎಂದರು ಪೆಟ್ಟಿಗೆಯ ಆಚೆ ಬದಿಯಲ್ಲಿ ಕೂತಿದ್ದ ಮೇಷ್ಟ್ರು.

ಕ್ಷೌರದಂಗಡಿಯ ಎರಡೂ ಕುರ್ಚಿಗಳನ್ನು ಗೋಡೆಗೆ ಸರಿಸಿ ನಡುವೆ ಶವಪೆಟ್ಟಿಗೆ ಇಟ್ಟಿದ್ದರು. ಒಂದು ಕುರ್ಚಿ ಅಪ್ಪನದು, ಇನ್ನೊಂದು ಮಗಳದು. ಅಪ್ಪನ ಗಡ್ಡವನ್ನು ಬೇರೆಯವರ ಕೈಗೆ ಕೊಡಲು ಅವಳಿಗೆ ಮನಸ್ಸಾಗಿರಲಿಲ್ಲ.

ತೊಡಕನ್ನು ಅಪ್ಪನೇ ಮಾಡಿಟ್ಟು ಹೋಗಿದ್ದ. ಮೇಷ್ಟ್ರು ಅವನ ಜೀವದ ಗೆಳೆಯ, ದೇವರಿಲ್ಲ ಅನ್ನುವವರು. ಅಪ್ಪನೂ ಚರ್ಚಿನ ಮೆಟ್ಟಿಲು ಹತ್ತಿದವನಲ್ಲ. ತಾನು ಸತ್ತಾಗ ಪ್ರಾರ್ಥನೆ ಗೀರ್ಥನೆ ಬೇಡವೆಂದು ಮೇಷ್ಟ್ರಿಗೆ ಮಾತು ಕೊಟ್ಟಿದ್ದ. ಹಾಸಿಗೆ ಹಿಡಿದ ಮೇಲೆ ಅಮ್ಮ ಅತ್ತೂ ಕರೆದೂ, ಕೊನೆಗಾದರೂ ಪಾದ್ರಿಗಳು ಬರಲಿ ಎಂದಾಗ ಅವಳಿಗೂ ಹೂಂ ಅಂದಿದ್ದ. ಯಾರಿಗೂ ಇಲ್ಲ ಅನ್ನಲು ಬಾಯಿ ಬಾರದ ಮನುಷ್ಯ. ಬೀದಿಯವರು ಅವನನ್ನು ಹೂಂ ಎಂದೇ ಕರೆಯುತ್ತಿದ್ದರು. ಈಗ ಇಬ್ಬರೂ ಮಗಳ ಮುಖ ನೋಡುತ್ತಿದ್ದರು.

"ವಾರ ವಾರ ಆಸ್ಪತ್ರೆಗೆ ಹೋಗಿ, ಏಳೋಕಾಗದೆ ಮಲಗಿದ್ದವರ ಗಡ್ಡ ಮಾಡಿ ಬರ್ತಿದ್ದ," ಎಂದರು ಮೇಷ್ಟ್ರು. "ಸ್ವರ್ಗದ ಆಸೆಗಲ್ಲ, ನರಕದ ಭಯಕ್ಕೂ ಅಲ್ಲ. ಗಡ್ಡ ಬೆಳೆದ್ರೆ ಅವರಿಗೆ ನವೆ ಆಗುತ್ತೆ, ಅಷ್ಟೇ ಕಾರಣ. ಪಾದ್ರಿಗಳು ಬಂದು ಅದನ್ನೂ ದೇವರ ಲೆಕ್ಕಕ್ಕೆ ಬರ್ಕೋತಾರೆ."

"ದೇವರು ಕೈ ಹಿಡಿದು ನಡೆಸದೆ ಯಾರು ಅಷ್ಟು ಒಳ್ಳೆಯವರಾಗಿರ್ತಾರೆ ಮೇಷ್ಟ್ರೇ? ಅದು ಅವರಿಗೇ ಗೊತ್ತಿರ್ಲಿಲ್ಲ."

"ಅವನಿಗೆ ಈ ಬದುಕೇ ಸಾಕಾಗಿತ್ತು ಅತ್ತಿಗೆ."

"ನನಗೆ ಸಾಕಾಗ್ಲಿಲ್ವಲ್ಲ," ಎಂದಳು ಅಮ್ಮ. "ಅವರನ್ನ ನಾನು ಮತ್ತೆ ನೋಡ್ಬೇಕು."

ಮಗಳಿಗೆ ಇಬ್ಬರ ಮಾತೂ ಸರಿ ಅನ್ನಿಸುತ್ತಿತ್ತು, ಅದೇ ಅವಳ ಸಂಕಟ.

"ಗಡ್ಡ ಮುಗಿಸ್ಬೇಕು. ಇಬ್ರೂ ಸ್ವಲ್ಪ ಹೊರಗಿರಿ," ಎಂದಳು.

*

ಆಸ್ಪತ್ರೆಗೆ ಅವಳೂ ನೀರಿನ ಬಟ್ಟಲು ಹಿಡಿದು ಹೋಗುತ್ತಿದ್ದಳು. ಒಮ್ಮೆ ಒಬ್ಬ ಮುದುಕ ಅರ್ಧ ಗಡ್ಡದಲ್ಲೇ ಅಪ್ಪನ ಮುಂಗೈ ಹಿಡಿದು, "ನನಗೋಸ್ಕರ ಪ್ರಾರ್ಥನೆ ಮಾಡ್ತೀಯಾ?" ಎಂದ. ಅಪ್ಪ ರೇಜರ್ ಕೆಳಗಿಟ್ಟು, ಅಮ್ಮ ದಿನಾ ಮಲಗುವ ಮುಂಚೆ ಹೇಳುವ ಪ್ರಾರ್ಥನೆಯನ್ನು ಒಂದಕ್ಷರ ಬಿಡದೆ ಹೇಳಿದ. ಪಕ್ಕದ ಹಾಸಿಗೆಯವನು, "ನನ್ನ ಹತ್ರ ಆ ಪುರಾಣ ಬೇಡಪ್ಪಾ" ಎಂದ. ಅಪ್ಪ ಅವನಿಗೂ ಹೂಂ ಅಂದು, ಗಡ್ಡ ಮುಗಿಯುವವರೆಗೆ ಫುಟ್‌ಬಾಲ್ ಮಾತಾಡಿದ.

ಮೆಟ್ಟಿಲಿಳಿಯುವಾಗ ಮಗಳು ಕೇಳಿದಳು. "ನೀನು ನಂಬಲ್ವಲ್ಲ ಅಪ್ಪ, ಮತ್ಯಾಕೆ ಪ್ರಾರ್ಥನೆ?"

"ಅವನು ನಂಬ್ತಾನಲ್ಲ."

"ಹಾಗಾದ್ರೆ ಅದು ಸುಳ್ಳಲ್ವಾ?"

ಅಪ್ಪ ಇಳಿಯುತ್ತಲೇ ಯೋಚಿಸಿದ. "ಗೊತ್ತಿಲ್ಲ ಕಣೇ," ಎಂದ. ಆಮೇಲೆ ಅಂಗಡಿಯಲ್ಲಿ ಅವಳು ಯಾವಾಗ ಆ ಮಾತು ತೆಗೆದರೂ, ಕುರ್ಚಿಯಲ್ಲಿದ್ದ ಗಿರಾಕಿಗೆ "ತಲೆ ಸ್ವಲ್ಪ ಎತ್ತಿ" ಎಂದು ಜಾರಿಕೊಳ್ಳುತ್ತಿದ್ದ.

*

ಅಪ್ಪನ ಗದ್ದದ ಕೆಳಗಿನದು ಇನ್ನೂ ಉಳಿದಿರುವಾಗಲೇ ಸ್ಮಶಾನಕ್ಕೆ ಒಯ್ಯುವ ವ್ಯಾನ್ ಬಂತು. ರೇಜರ್, ಬ್ರಷ್ಷು, ಸೋಪು, ಟವೆಲನ್ನು ಚೀಲಕ್ಕೆ ತುರುಕಿಕೊಂಡು ಮಗಳು ಹತ್ತಿದಳು. ದಾರಿಯಲ್ಲಿ ಮನಸ್ಸು ಗಟ್ಟಿ ಮಾಡಿಕೊಂಡಳು. ಪ್ರಾರ್ಥನೆ ಆಗಲಿ, ಬೇಕಾದರೆ ಮೇಷ್ಟ್ರ ಕಾಲು ಹಿಡಿದರಾಯಿತು.

ಸ್ಮಶಾನದಲ್ಲಿ ಗುಂಡಿಯ ಬಳಿ ಪಾದ್ರಿಗಳೂ ಇರಲಿಲ್ಲ, ಮೇಷ್ಟ್ರೂ ಇರಲಿಲ್ಲ.

"ಬರಬೇಡಿ ಅಂತ ಪಾದ್ರಿಗಳಿಗೆ ಹೇಳಿ ಕಳಿಸ್ದೆ," ಎಂದಳು ಅಮ್ಮ. "ನಿಮ್ಮಪ್ಪ ಮೇಷ್ಟ್ರಿಗೆ ಮೊದಲೇ ಮಾತು ಕೊಟ್ಟಿದ್ರಲ್ಲ. ಸತ್ತ ಮೇಲೆ ಅವರನ್ನ ಸುಳ್ಳುಗಾರರನ್ನಾಗಿ ಮಾಡೋಕೆ ಮನಸ್ಸು ಬರ್ಲಿಲ್ಲ."

ಮೇಷ್ಟ್ರು ಗೇಟಿನ ಹೊರಗೆ ನಿಂತಿದ್ದರು. ಮಗಳು ಓಡಿಹೋಗಿ ಕರೆದಳು.

"ಪ್ರಾರ್ಥನೆ ಮುಗೀಲಿ, ಆಮೇಲೆ ಬರ್ತೀನಿ," ಎಂದರು. "ನಾನು ಎದುರಿಗಿದ್ರೆ ನಿಮ್ಮಮ್ಮನಿಗೆ ಕಸಿವಿಸಿ. ಹೇಳ್ಬೇಕು ಅಂತಿದ್ದ ನಾಲ್ಕು ಮಾತನ್ನೂ ಬಿಟ್ಟೆ."

"ಪ್ರಾರ್ಥನೆ ಇಲ್ಲ ಮೇಷ್ಟ್ರೇ. ಅಮ್ಮನೇ ಬೇಡ ಅಂದ್ಲು."

ಮೇಷ್ಟ್ರು ಪೆಚ್ಚಾದರು. "ಹಾಗಾದ್ರೆ ಈಗೇನು ಮಾಡೋದು?"

ಮಗಳು ಅವರನ್ನು ಒಳಗೆ ಕರೆತಂದಳು. ಗುಂಡಿಯ ಬಳಿ ಅಮ್ಮ "ನೀವೇ ಏನಾದ್ರೂ ಹೇಳಿ" ಅನ್ನುವುದು, ಮೇಷ್ಟ್ರು "ಇಲ್ಲ ಅತ್ತಿಗೆ, ನಿಮ್ಮದಾಗ್ಲಿ" ಅನ್ನುವುದು, ಬಾಗಿಲಲ್ಲಿ ಎದುರಾದ ನೆಂಟರ ಹಾಗೆ ನಡೆಯಿತು. ಮುಚ್ಚಳ ಹಾಕಲು ಬಂದವನು ಸುತ್ತಿಗೆ ಹಿಡಿದು ಕಾದ.

ಮಗಳು ಕೊನೆಯ ಸಲ ಬಗ್ಗಿ ನೋಡಿದಳು. ಗದ್ದದ ಕೆಳಗೆ ಬಿಳಿ ಗಡ್ಡ ಹಾಗೇ ಉಳಿದಿತ್ತು. ಬೆಳಗಿನಿಂದ ಬಾರದ ಅಳು ಈಗ ಒತ್ತರಿಸಿ ಬಂತು.

"ಸ್ವಲ್ಪ ನೀರು ಬೇಕು," ಎಂದಳು.

ಮೇಷ್ಟ್ರು ನಲ್ಲಿಯಿಂದ ಮಗ್ಗಿನಲ್ಲಿ ನೀರು ತಂದು ಹಿಡಿದು ನಿಂತರು. ಅಮ್ಮ ಆಚೆ ಬದಿಯಲ್ಲಿ ಮಂಡಿಯೂರಿ ಟವೆಲ್ ಚಾಚಿದಳು. ಅವಳ ತುಟಿ ಸದ್ದಿಲ್ಲದೆ ಅಲ್ಲಾಡುತ್ತಿತ್ತು. ಮೇಷ್ಟ್ರು ಅದನ್ನು ನೋಡಿದರು, ಮಗ್ಗನ್ನು ಇನ್ನಷ್ಟು ಹತ್ತಿರ ಹಿಡಿದರು. ಮಗಳು ನೊರೆ ಹಚ್ಚಿ, ಎರಡು ಬೆರಳಲ್ಲಿ ಅಪ್ಪನ ಗದ್ದ ಹಿಡಿದಳು.

"ತಲೆ ಸ್ವಲ್ಪ ಎತ್ತಿ," ಎಂದಳು.