ಊದುವಷ್ಟು ಬಿಡುವು

ಡೋಲಿಗೆ ಮೂರು ಪೆಟ್ಟು ಹಾಕಿ ಮುದುಕ ಮತ್ತೆ ನಿಲ್ಲಿಸಿಬಿಟ್ಟ. ಹಾರ್ಮೋನಿಯಂ ಮುಂದೆ ಕುಳಿತ ಹುಡುಗಿ ಆ ಖಾಲಿ ಜಾಗಕ್ಕೆ ಎರಡು ಸ್ವರ ತುಂಬಿ, ಅವನನ್ನು ತಾಳಕ್ಕೆ ಎಳೆದುಕೊಳ್ಳಲು ನೋಡಿದಳು. ಅವನು ಬರಲಿಲ್ಲ. ಎಡಗೈಯನ್ನು ಡೋಲಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ.

ಆಸ್ಪತ್ರೆಯ ಹಿಂಬದಿಯ ಈ ಕೋಣೆಗೆ ಅವನು ಬರುತ್ತಿದ್ದುದು ಆರನೆಯ ಸಲ. ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು, ಮಾತು ನಿಂತಿತ್ತು. ಗಂಟಲಿಗೆ ಏನೂ ಆಗಿಲ್ಲ, ಸಂಗೀತದ ಜೊತೆ ದನಿ ಹೊರಡಬಹುದು ಎಂದು ಡಾಕ್ಟರು ಕಳಿಸಿದ್ದರು. ಹುಡುಗಿ ಹನ್ನೆರಡು ವರ್ಷ ಸಂಗೀತ ಕಲಿತವಳು. ಈ ಚಿಕಿತ್ಸೆಯ ಕೆಲಸಕ್ಕೆ ಸೇರಿ ಮೂರು ತಿಂಗಳು. ಇದುವರೆಗೆ ಅವನಿಂದ ಒಂದು ಹೂಂ ಕೂಡ ಹೊರಟಿರಲಿಲ್ಲ.

"ಇವತ್ತಿಗೆ ಸಾಕು ಕಣಮ್ಮ, ಇನ್ಮೇಲೆ ನಾವು ಬರಲ್ಲ," ಅಂದಳು ಗೋಡೆಗೊರಗಿ ಕುಳಿತಿದ್ದ ಅವನ ಹೆಂಡತಿ. "ಎರಡು ಬಸ್ಸು ಹತ್ತಿಸಿ ಇಳಿಸಿ ನನ್ನ ಸೊಂಟ ಬಿದ್ದೋಯ್ತು. ನೀನು ಚೆನ್ನಾಗೇ ನುಡಿಸ್ತೀಯ, ಅದರಲ್ಲಿ ಎರಡು ಮಾತಿಲ್ಲ. ಇವರಿಗೇ ಒಗ್ಗಲಿಲ್ಲ."

ಹುಡುಗಿಗೆ ಕೆಲಸ ಕಲಿಸುತ್ತಿದ್ದ ಹಿರಿಯ ಮೇಡಂ ಕಿಟಕಿಯ ಬಳಿಯಿಂದ, "ನಿನಗೆ ಕೈ ಸುಮ್ಮನಿಡೋಕೆ ಬರಲ್ಲ," ಅಂದರು. "ಅವರು ಕೇಳೋದು ಒಂದು ತುತ್ತು. ನೀನು ಎಲೆ ತುಂಬ ಬಡಿಸ್ತೀಯ."

"ಅವರು ತಾಳ ತಪ್ಪುತ್ತಾರಲ್ಲ ಮೇಡಂ. ಮೂರಕ್ಕೇ ನಿಂತುಬಿಡ್ತಾರೆ."

ಹೆಂಡತಿಗೆ ಅದನ್ನು ಕೇಳಿ ತಡೆಯಲಾಗಲಿಲ್ಲ. "ಯಾರು, ಇವರಾ ತಪ್ಪೋದು? ನಲವತ್ತು ವರ್ಷ ಕಲ್ಲು ಕೆತ್ತಿದ ಕೈ ಅದು, ತಾಯಿ. ಮೂರು ಏಟು ಹಾಕೋದು, ಆಮೇಲೆ ಪುಡಿ ಊದೋದು. ಊದದೇ ಇದ್ರೆ ಗೆರೆ ಕಾಣುತ್ತಾ?"

"ಎಷ್ಟು ಹೊತ್ತು ಊದ್ತಿದ್ರು ಅಜ್ಜಿ?" ಅಂದಳು ಹುಡುಗಿ.

"ಪುಡಿ ಹೋಗೋವರೆಗೆ. ಅದನ್ನ ಯಾರು ಎಣಿಸ್ತಾ ಕೂತಿರ್ತಾರೆ."

ಹುಡುಗಿ ಎದ್ದು, ಮುದುಕನ ಬಾಯಿ ಕಾಣುವ ಹಾಗೆ ಹಾರ್ಮೋನಿಯಂ ಪೆಟ್ಟಿಗೆಯನ್ನು ಪಕ್ಕಕ್ಕೆಳೆದು ಕುಳಿತಳು. ಅವನ ಕೈ ಮತ್ತೆ ಡೋಲಿಗೆ ಬರುವವರೆಗೂ ಕಾದಳು. ಅವನ ಮೂರು ಪೆಟ್ಟಿನ ಜೊತೆ ಒಂದೇ ಸ್ವರವನ್ನು ಮೂರು ಸಲ ಒತ್ತಿ ಬೆರಳೆತ್ತಿದಳು. ಇನ್ನೂ ನುಡಿಸಲು ಬೆರಳು ತುರಿಸಿತು, ತಡೆದಳು. ಮುದುಕನ ತುಟಿ ಗುಂಡಗಾಗಿ ಸಡಿಲಾಯಿತು. ಆರು ಸಲವೂ ಈ ತುಟಿ ಹೀಗೇ ಆಡಿರಬೇಕು. ಅವಳು ಇಷ್ಟು ದಿನ ನೋಡುತ್ತಿದ್ದುದು ತನ್ನ ಕೈಯನ್ನು.

ಎರಡನೆಯ ಸಲ ಬಿಡುವು ಇನ್ನೂ ಉದ್ದವಾಯಿತು. ಹುಡುಗಿ ಸ್ವರದ ಯಾವ ಮನೆಯನ್ನೂ ಒತ್ತದೆ, ಗಾಳಿಯ ತಿದಿಯನ್ನಷ್ಟೇ ಮೆಲ್ಲಗೆ ತಳ್ಳಿದಳು. ಹಳೆಯ ಪೆಟ್ಟಿಗೆ, ಸಂದಿಯಿಂದ ಗಾಳಿ ಹುಸ್ಸೆಂದಿತು. ಮುದುಕ ಓರೆಗಣ್ಣಿನಿಂದ ಅವಳನ್ನು ನೋಡಿದ. ಮೂರು ಪೆಟ್ಟು ಹಾಕಿದ. ಊದಿದ.

ಮತ್ತೆ ಮೂರು. ಈ ಸಲ ಉಸಿರಿನ ಅಡಿಯಲ್ಲಿ ಕಲ್ಲು ಜರುಗಿಸಿದಂಥ ಒಂದು ದನಿ ಇತ್ತು: ಊ. ಅದು ಎರಡು ಮನೆಗಳ ನಡುವಿನ ದನಿ, ಯಾವುದಕ್ಕೂ ಹೊಂದದ್ದು. ಅವಳು ಕೆಳಗಿನ ಮನೆಯನ್ನು ಹಗುರವಾಗಿ ಒತ್ತಿ ಹಿಡಿದಳು, ತಿದ್ದುವುದಕ್ಕಲ್ಲ, ಜೊತೆಗಿರಲಿ ಎಂದು. ದನಿ ತಾನಾಗಿ ಜಾರಿ ಪಕ್ಕಕ್ಕೆ ಬಂದು ಕೂತಿತು. ಉಸಿರು ಮುಗಿಯುವವರೆಗೂ ಇಬ್ಬರೂ ಬಿಡಲಿಲ್ಲ.

ಹೆಂಡತಿ ಸೆರಗಿನಿಂದ ಮೂಗೊರೆಸಿಕೊಂಡು, ಮೇಡಂ ಕಡೆ ಬಗ್ಗಿ ಪಿಸುಗುಟ್ಟಿದಳು: "ಬರೋ ವಾರ ಎಷ್ಟು ಗಂಟೆಗೆ ಬರಬೇಕು?"

ಮೇಡಂ ತುಟಿಯ ಮೇಲೆ ಬೆರಳಿಟ್ಟರು. ಮುದುಕನ ಕೈ ಡೋಲಿನ ಮೇಲೆ ಎತ್ತಿಕೊಂಡೇ ಇತ್ತು, ಹುಡುಗಿಯ ಬೆರಳು ಮನೆಯ ಮೇಲೆ, ಒತ್ತದೆ.