ನೀರು ಸಾಕಿದವಳು

"ನಮ್ಮ ಚಿಕ್ಕ ಸೊಸೆ ನೀರು ಸಾಕ್ತಾಳೆ," ಎಂದು ಅತ್ತೆ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. "ಜನ ನಾಯಿ ಸಾಕ್ತಾರೆ, ಬೆಕ್ಕು ಸಾಕ್ತಾರೆ. ಇವಳು ನೀರು. ಬೊಗಳಲ್ಲ, ಪರಚಲ್ಲ, ಅದೊಂದು ಅನುಕೂಲ."

ಬಂದವರು ನಡುಮನೆಯ ಗೋಡೆಯುದ್ದಕ್ಕೂ ನಿಂತ ಗಾಜಿನ ತೊಟ್ಟಿಯನ್ನು ಬಗ್ಗಿ ನೋಡುತ್ತಿದ್ದರು. ತಳದಲ್ಲಿ ಜರಡಿ ಹಿಡಿದಂಥ ನಯವಾದ ಮರಳು, ಮೇಲೆ ತಿಳಿನೀರು, ಮೂಲೆಯಲ್ಲಿ ಜಾಲರಿ ತೊಟ್ಟ ಹೀಟರು, ತನ್ನಷ್ಟಕ್ಕೆ ಗೊಣಗುವ ಫಿಲ್ಟರು. ಮೀನು ಮಾತ್ರ ಇಲ್ಲ. ಕನ್ನಡಕದಂಗಡಿಯಲ್ಲಿ ಗಾಜು ತೇಯುವ ಕೆಲಸದ ಚಿಕ್ಕ ಸೊಸೆ ದಿನಾ ಬೆಳಿಗ್ಗೆ ಆ ಖಾಲಿ ನೀರಿಗೆ ಅಮೋನಿಯದ ಹನಿ ಬಿಡುತ್ತಿದ್ದಳು. ಸಂಜೆ ಪುಟ್ಟ ಸೀಸೆಯಲ್ಲಿ ಅದೇ ನೀರು ಹಿಡಿದು, ಪರೀಕ್ಷೆಯ ಮದ್ದು ಬೆರೆಸಿ, ಬೆಳಕಿಗೆ ಎತ್ತಿ ಬಣ್ಣ ನೋಡುತ್ತಿದ್ದಳು. ಹಳದಿ ಬಂದರೆ, ಬೆಳಿಗ್ಗೆ ಹಾಕಿದ ವಿಷವನ್ನು ನೀರು ಸಂಜೆಯೊಳಗೆ ತಿಂದು ತೇಗಿದೆ ಎಂದರ್ಥ. ಹಸಿರು ಬಂದರೆ ನೀರಿಗೆ ಅಜೀರ್ಣ.

ನಿಜಕ್ಕೂ ತಿನ್ನುವುದು ನೀರಲ್ಲ, ಫಿಲ್ಟರಿನ ಸ್ಪಂಜಿನಲ್ಲಿ ಬಿಡಾರ ಹೂಡಿದ ಕಣ್ಣಿಗೆ ಕಾಣದ ಜೀವಿಗಳು. ಮೀನು ತಾನು ಹೊಲಸು ಮಾಡಿದ ನೀರಿನಲ್ಲೇ ಉಸಿರಾಡಬೇಕು; ಆ ಹೊಲಸನ್ನು ತಿಂದುಹಾಕುವ ಸಂಸಾರ ಸ್ಪಂಜಿನಲ್ಲಿ ಇಲ್ಲದಿದ್ದರೆ ಎಷ್ಟು ತಿಳಿನೀರಾದರೂ ವಿಷವೇ. ಆ ಸಂಸಾರ ಕೂಡಿಬರಲು ತಿಂಗಳ ಮೇಲೆ ಬೇಕು. ಮುರಿದುಬೀಳಲು, ಕ್ಲೋರಿನ್ ಬೆರೆತ ನಲ್ಲಿನೀರಿಗೆ ಸ್ಪಂಜನ್ನು ಹಿಡಿದು ಚೆನ್ನಾಗಿ ಹಿಂಡಿದರೆ ಸಾಕು. ಇದು ಅವಳಿಗೆ ಪುಸ್ತಕದಿಂದಷ್ಟೇ ತಿಳಿದದ್ದಲ್ಲ. ಅವಳ ಓರಗಿತ್ತಿ ಮಾಡಿ ತೋರಿಸಿದ್ದಳು.

ಓರಗಿತ್ತಿ ಮೇಲಿನ ಮಹಡಿಯವಳು, ಮನೆಯ ಹಿರಿಸೊಸೆ, ರಸ್ತೆಯಾಚೆ ಬ್ಯೂಟಿ ಪಾರ್ಲರು ಇಟ್ಟವಳು. ಬಳಗದಲ್ಲಿ ಬೆನ್ನ ಹಿಂದೆ ಅವಳ ಹೆಸರು 'ಫಳಫಳ'. ನೆಂಟರು ಎದ್ದ ಕೂಡಲೇ ಅವರು ಕೂತ ಕುರ್ಚಿ ಒರೆಸುತ್ತಿದ್ದಳು. ಕೆಲವೊಮ್ಮೆ ಏಳುವ ಮುಂಚೆಯೇ.

ಹಿಂದಿನ ವರ್ಷ ಈ ತೊಟ್ಟಿಯಲ್ಲಿ ತೊರಕೆ ಇತ್ತು. ಸಮುದ್ರದ್ದಲ್ಲ, ಸಿಹಿನೀರಿನದು. ತಟ್ಟೆಯ ಹಾಗೆ ಚಪ್ಪಟೆ, ಬಾಲದಲ್ಲಿ ವಿಷದ ಮುಳ್ಳು. ಅಂಗಡಿಯವರು ಸ್ಟಿಂಗ್‌ರೇ ಅನ್ನುತ್ತಾರೆ. ಮೈಯೆಲ್ಲ ಮರಳು ಹೊದ್ದು, ಎರಡು ಕಣ್ಣು ಮಾತ್ರ ಹೊರಗಿಟ್ಟು, ಮನೆಯ ವಿದ್ಯಮಾನಗಳನ್ನು ಗಮನಿಸುತ್ತಿತ್ತು. ಅವಳು ಕೆಲಸದಿಂದ ಬಂದು ಚಪ್ಪಲಿ ಬಿಟ್ಟರೆ ಸಾಕು, ಮರಳು ಕೊಡವಿಕೊಂಡು ಗಾಜಿಗೆ ಹೊಟ್ಟೆ ಒತ್ತಿ ಮೇಲೇರುತ್ತಿತ್ತು. ಅಪ್ಪನ ಕಣ್ಣಿನ ಆಪರೇಷನ್ನಿಗೆಂದು ಗಂಡನ ಜೊತೆ ತವರಿಗೆ ಹೋಗುವಾಗ ಅವಳು ಬೀಗದ ಕೈಯನ್ನು ಓರಗಿತ್ತಿಗೆ ಕೊಟ್ಟಳು. "ಊಟ ಹಾಕಿ ಅಕ್ಕ, ಬೇರೆ ಏನೂ ಮುಟ್ಟಬೇಡಿ."

ತಿರುಗಿ ಬಂದಾಗ ತೊರಕೆಯ ಅಂಚು ಬಿಸಿಲಿಗೆ ಬಿದ್ದ ಎಲೆಯ ಹಾಗೆ ಮೇಲಕ್ಕೆ ಸುರುಟಿಕೊಂಡಿತ್ತು. ಅದು ಕೊನೆಯ ಲಕ್ಷಣ. ಫಿಲ್ಟರು ಬಿಚ್ಚಿದರೆ ಕಂದುಬಣ್ಣದ ಸ್ಪಂಜುಗಳು ಅಂಗಡಿಯಿಂದ ಈಗಷ್ಟೇ ತಂದಂತೆ ಬೆಳ್ಳಗೆ ನಗುತ್ತಿದ್ದವು.

"ನಾನ್ಯಾಕೆ ಮುಟ್ಟಲಿ ಆ ಗಲೀಜನ್ನ? ನನಗೇನು ಬೇರೆ ಕೆಲಸ ಇಲ್ವಾ?" ಎಂದಳು ಓರಗಿತ್ತಿ.

ಫಳಫಳ ಗಲೀಜು ಮುಟ್ಟುವುದೆಂದರೆ ಯಾರು ನಂಬುತ್ತಾರೆ? ಅತ್ತೆ ತೀರ್ಪು ಕೊಟ್ಟರು: "ಬೇರೆಯವರ ಮೇಲೆ ಯಾಕೆ ಹಾಕ್ತೀಯಾ? ನಿನ್ನ ಕೈಗುಣ, ಅಷ್ಟೇ." ಮೀನು ತೊಟ್ಟಿಯಿಂದ ಹೋಯಿತು, ಆ ಮಾತು ಮನೆಯಲ್ಲಿ ಉಳಿಯಿತು. ಅವಳು ಬಡಿಸಲು ಸೌಟು ಹಿಡಿದರೆ ಯಾರೋ ಇಸಿದುಕೊಳ್ಳುತ್ತಿದ್ದರು. ಓರಗಿತ್ತಿಯ ಮಗಳು ಕೂಸನ್ನು ಕರೆದುಕೊಂಡು ಬಂದಾಗ, ಎತ್ತಿಕೊಳ್ಳಲು ಕೈ ಚಾಚಿದರೆ, "ಬೇಡ ಚಿಕ್ಕಮ್ಮ, ಪಾಪು ನಿದ್ದೆ ಮಾಡ್ತಿದೆ," ಎನ್ನುತ್ತಿದ್ದಳು. ಪಾಪು ಎರಡು ಕಣ್ಣೂ ಅರಳಿಸಿಕೊಂಡು ಚಿಕ್ಕಮ್ಮನನ್ನೇ ನೋಡುತ್ತಿರುತ್ತಿತ್ತು.

ಅವಳು ಜಗಳವಾಡಲಿಲ್ಲ. ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ಜನ ಸಹನೆಯ ಬಗ್ಗೆ ಹೇಳಿದ್ದು ಎಂದುಕೊಳ್ಳುತ್ತಾರೆ. ಸೇಡಿಗೂ ಒಪ್ಪುವ ಗಾದೆ ಅದು. ತೊಟ್ಟಿ ತೊಳೆದು, ಹೊಸ ನೀರು ತುಂಬಿ, ಮೊದಲಿನಿಂದ ಶುರುಮಾಡಿದಳು. ಅವಳಿಗೆ ಬೇಕಾದದ್ದು ಒಂದೇ: ತೊಳೆದೆ ಎಂಬ ಮಾತು ಓರಗಿತ್ತಿಯ ಬಾಯಿಂದಲೇ, ಅತ್ತೆಯ ಕಿವಿಯ ಮುಂದೆಯೇ ಬರಬೇಕು.

ನೀರು ಹಣ್ಣಾಗಿ, ತಿಂಗಳುಗಟ್ಟಲೆ ಬರೀ ಹಳದಿ ತೋರಿಸುತ್ತಾ ಕಾದಿತ್ತು. ಆಗೊಂದು ಸಂಜೆ ಓರಗಿತ್ತಿ ನಗುನಗುತ್ತಾ ಇಳಿದು ಬಂದಳು. ನಗುತ್ತಾ ಇಳಿದಳೆಂದರೆ ಕೆಲಸವಿದೆ ಎಂದೇ.

"ಪಾರ್ಲರಿನ ಮುಂಭಾಗಕ್ಕೆ ಒಂದು ತೊಟ್ಟಿ ಇಡಿಸ್ತಿದ್ದೀನಿ ಕಣೆ. ಅದೇ, ನಿನ್ನ ಹತ್ರ ಇತ್ತಲ್ಲ, ಆ ಚಪ್ಪಟೆ ಮೀನು. ಬಂದವರೆಲ್ಲ ಫೋಟೋ ತಗೋತಾರೆ ನೋಡು."

"ಒಳ್ಳೇದು ಅಕ್ಕ."

"ಆದ್ರೆ ಆ ಮೀನಿನಂಗಡಿಯವನು, ನೀರು ಹಣ್ಣಾಗೋಕೆ ತಿಂಗಳ ಮೇಲೆ ಬೇಕು ಅಂತಾನೆ. ಅಲ್ಲೀವರೆಗೆ ಖಾಲಿ ನೀರಿಟ್ಕೊಂಡು ಕೂತ್ರೆ ಜನ ನಗಲ್ವಾ?" ಎಂದವಳು, ಯಾರ ಮನೆಯಲ್ಲಿ ಕೂತಿದ್ದೇನೆಂಬುದು ನೆನಪಾಗಿ ಮಾತು ತಿರುಗಿಸಿದಳು. "ಹಳೇ ತೊಟ್ಟಿ ಸ್ಪಂಜು ಒಂದು ಹಾಕಿದ್ರೆ ಬೇಗ ಆಗುತ್ತಂತೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ. ನಿನ್ನ ಹತ್ರ ಎರಡಿದೆ ಅಲ್ವಾ?"

ಎರಡಿದೆ ಎಂದು ಇವಳಿಗೆ ಹೇಗೆ ಗೊತ್ತು? ಫಿಲ್ಟರು ಬಿಚ್ಚಿ ನೋಡಿದವರಿಗೆ ಮಾತ್ರ ಗೊತ್ತು. ಕಿರಿಯವಳು ಅದನ್ನು ಕೇಳಲಿಲ್ಲ. ಒಂದು ಅವಕಾಶ ಕೊಟ್ಟು ನೋಡೋಣವೆಂದುಕೊಂಡಳು.

"ಆ ಸ್ಪಂಜನ್ನ ತೊಳೆದ್ರೆ ಏನಾಗುತ್ತೆ ಅಂತ ಹೇಳಿದ್ನಾ ಅಕ್ಕ, ಅಂಗಡಿಯವನು?"

ಓರಗಿತ್ತಿ ಸೆರಗಿನ ತುದಿಯಿಂದ ತೊಟ್ಟಿಯ ಗಾಜಿನ ಮೇಲಿನ ಇಲ್ಲದ ಕಲೆಯನ್ನು ಒರೆಸತೊಡಗಿದಳು. "ಹೂಂ. ಸತ್ತುಹೋಗುತ್ತಂತೆ."

"ಯಾವುದು?"

"ಅದೇ... ಒಳಗಿರೋದು." ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು. "ಕೊಡ್ತೀಯಲ್ಲ?"

ಅಂದರೆ ಈಗ ಅವಳಿಗೆ ಎಲ್ಲ ಗೊತ್ತು. ಗೊತ್ತಿಲ್ಲದೆ ಮಾಡಿದ್ದಕ್ಕೆ ಒಂದು ಕ್ಷಮೆಯಾದರೂ ಇತ್ತು. ಗೊತ್ತಾದ ಮೇಲೂ ಗಾಜು ಒರೆಸುವವಳಿಗೆ ಯಾವ ಕ್ಷಮೆ?

"ಅದಕ್ಕೇನಂತೆ ಅಕ್ಕ, ಕೊಡ್ತೀನಿ. ಮೀನು ಬರೋ ದಿನ ನಾನೇ ತಂದು ಹಾಕ್ತೀನಿ."

ಆ ದಿನ ಅವಳು ಒಂದು ಸ್ಪಂಜನ್ನು ತೆಗೆದು, ತೊಟ್ಟಿಯ ನೀರಿನಲ್ಲೇ ಮುಳುಗಿಸಿ, ಪಾತ್ರೆಯನ್ನು ಒಲೆಯ ಮೇಲಿಟ್ಟಳು. ನೀರು ಕುದಿಯಿತು. ತೊಳೆದಿದ್ದರೆ ಬೆಳ್ಳಗಾಗುತ್ತಿತ್ತು, ಕುದಿಸಿದ್ದರಿಂದ ಕಂದುಬಣ್ಣ ಹಾಗೇ ಉಳಿಯಿತು. ನೋಡಲು ತುಂಬಿದ ಮನೆ, ಒಳಗೆ ಎಲ್ಲ ಹೆಣ. ಲಿಫ್ಟ್ ರಿಪೇರಿಯ ಕೆಲಸ ಮುಗಿಸಿ ಬಂದ ಗಂಡ ಅಡುಗೆಮನೆಯ ಬಾಗಿಲಲ್ಲಿ ಮೂಗೆಳೆದ.

"ಏನೇ ಇದು, ಕೆರೆ ಕುದಿಸಿದ ಹಾಗೆ ವಾಸನೆ?"

"ಪಾತ್ರೆ ಸುಟ್ಟಿತ್ತು ರೀ, ನೆನೆಹಾಕಿದ್ದೆ."

ಒಂದು ಸುಳ್ಳನ್ನು ಬಚ್ಚಿಡಲು ಬಹಳ ನಿಜಗಳು ಬೇಕಾಗುತ್ತವೆ. ಅವಳು ಓರಗಿತ್ತಿಗೆ ಉಳಿದದ್ದನ್ನೆಲ್ಲ ಅಕ್ಷರಶಃ ನಿಜವೇ ಹೇಳಿಕೊಟ್ಟಳು. ಮರಳು ನುಣ್ಣಗಿರಲಿ, ಹೊಟ್ಟೆ ಉಜ್ಜಿ ಗಾಯವಾಗುತ್ತೆ. ಹೀಟರಿಗೆ ಜಾಲರಿ ಹಾಕಿ, ಅದರ ಮೇಲೇ ಮಲಗಿ ಮೈ ಸುಟ್ಟುಕೊಳ್ಳುತ್ತೆ. ಚೂಪುಕಲ್ಲು ಬೇಡ. ತೊಟ್ಟಿ ಎತ್ತರ ಇದ್ದು ಏನೂ ಪ್ರಯೋಜನ ಇಲ್ಲ, ಅಗಲ ಇರಬೇಕು. ಓರಗಿತ್ತಿ ಎಲ್ಲವನ್ನೂ ಪಾಲಿಸಿದಳು. ಸ್ಪಂಜನ್ನು ಮುಟ್ಟಬಾರದೆಂಬುದನ್ನಂತೂ ಪ್ರಾಣ ಹೋದರೂ ಮೀರಲಾರೆನೆಂಬಷ್ಟು ಪಾಲಿಸಿದಳು.

ತೊರಕೆಮರಿ ಬಂದದ್ದು ಬಸಿಯಷ್ಟಗಲ. ನೀರಿಗೆ ಬಿಟ್ಟೊಡನೆ ಮರಳು ಎರಚಿಕೊಂಡು ಮರೆಯಾಗಿ, ಕಣ್ಣೆರಡನ್ನು ಮಾತ್ರ ಹೊರಗಿಟ್ಟಿತು. ಕಿರಿಯವಳು ಗಾಜಿಗೆ ಬೆರಳಿಟ್ಟಳು. ಕಣ್ಣುಗಳು ಬೆರಳಿನತ್ತ ತಿರುಗಿದವು. ಅವಳು ಬೆರಳು ತೆಗೆದುಬಿಟ್ಟಳು.

ದಿನಾ ಸಂಜೆ ಸೀಸೆ ಹಿಡಿದು ಪಾರ್ಲರಿಗೆ ಹೋಗುತ್ತಿದ್ದಳು. ಮೊದಲು ಹಳದಿ. ಆಮೇಲೆ ಹಳದಿಯಲ್ಲಿ ಎಳೆಹಸಿರಿನ ಛಾಯೆ.

"ಹಸಿರು ಬಂತಲ್ಲೇ. ಒಳ್ಳೇದಾ?"

"ಹಸಿರು ಕಣ್ಣಿಗೆ ತಂಪು ಅಕ್ಕ."

ತನಗೊಂದು ಗೆರೆ ಹಾಕಿಕೊಂಡಿದ್ದಳು: ಮರಿಯ ಅಂಚು ಎದ್ದ ಗಳಿಗೆಯಲ್ಲಿ ಆಟ ಮುಗಿಯಬೇಕು. ಮೀನು ಸಾಯಬಾರದು, ಸಾಯುತ್ತದೆಂದು ಓರಗಿತ್ತಿ ಹೆದರಬೇಕು, ಅಷ್ಟೇ. ಗೆರೆ ದಾಟಿದ ಮೇಲೆ ತಿರುಗಿ ಬರಲು ಮೀನಿಗೆ ಆಗದಿದ್ದರೆ ಎಂಬ ಪ್ರಶ್ನೆ ಗಾಜು ತೇಯುವಾಗ ಬರುತ್ತಿತ್ತು. ಆಗ ಚಕ್ರದ ವೇಗ ಹೆಚ್ಚಿಸುತ್ತಿದ್ದಳು. ಹಾಗೆ ಆ ವಾರ ಒಬ್ಬರ ಕನ್ನಡಕದ ಗಾಜು ಹಾಳಾಯಿತು.

ಮರಿ ಊಟ ಬಿಟ್ಟಿತು. ಮರುದಿನ ಮಧ್ಯಾಹ್ನ ಓರಗಿತ್ತಿಯ ಫೋನು ಬಂತು. "ಬೇಗ ಬಾರೇ, ಏನೋ ಒಂಥರಾ ಆಡ್ತಿದೆ."

ಪಾರ್ಲರಿನಲ್ಲಿ ಅತ್ತೆ ಕನ್ನಡಿಯ ಮುಂದಿನ ಕುರ್ಚಿಯಲ್ಲಿ ತಲೆತುಂಬ ಕಪ್ಪುಬಣ್ಣ ಮೆತ್ತಿಸಿಕೊಂಡು, ಅಲುಗಾಡಬಾರದೆಂಬ ಆಜ್ಞೆಗೆ ಒಳಪಟ್ಟು ಕೂತಿದ್ದರು. ಪಕ್ಕದಲ್ಲಿ ಯಾರೋ ಗಿರಾಕಿ ಮುಖಕ್ಕೆ ಲೇಪ ಹಚ್ಚಿಕೊಂಡು, ಕಣ್ಣಿಗೆ ಸೌತೆಕಾಯಿಯ ಬಿಲ್ಲೆ ಇಟ್ಟುಕೊಂಡು ಒರಗಿದ್ದಳು. ತೊಟ್ಟಿಯಲ್ಲಿ ಮರಿ ಮರಳಿನ ಮೇಲೆಯೇ ಬಿದ್ದಿತ್ತು, ಹೊದೆಯದೆ. ಮುಂದಿನ ಅಂಚು ಕೂದಲೆಳೆಯಷ್ಟು ಮೇಲೆದ್ದಿತ್ತು.

ಕಿರಿಯವಳು ಹಾಕಿಕೊಂಡ ಗೆರೆ ಅದೇ. ಆದರೂ ಕೇಳಬೇಕಾದ್ದನ್ನು ಮೊದಲು ಕೇಳಿದಳು, ಅತ್ತೆಗೆ ಕೇಳಿಸುವಷ್ಟು ಜೋರಾಗಿ.

"ಸ್ಪಂಜು ತೊಳೆದ್ರಾ ಅಕ್ಕ?"

"ಅಯ್ಯೋ ಇಲ್ಲ ಕಣೆ!"

"ನಿಜ ಹೇಳಿ. ತೊಳೆದ್ರೇನೇ ಹೀಗಾಗೋದು."

"ಮಕ್ಕಳಾಣೆ ಇಲ್ಲ ಅಂದ್ನಲ್ಲ! ಆವತ್ತಿನ ಹಾಗೆ ನಲ್ಲಿ ಕೆಳಗೆ ಹಿಡಿಯೋಕೆ ನನಗೇನು ಹುಚ್ಚಾ? ಈ ಸಲ ಮುಚ್ಚಳ ಕೂಡ ತೆಗೆದಿಲ್ಲ ನಾನು!"

ಹೇರ್ ಡ್ರೈಯರ್ ಕೂಡ ಆಗಲೇ ನಿಂತಿತು. ಗಿರಾಕಿ ಒಂದು ಕಣ್ಣಿನ ಸೌತೆಕಾಯಿಯನ್ನು ಮೆಲ್ಲಗೆ ಎತ್ತಿದಳು. ಅತ್ತೆ ತಲೆ ತಿರುಗಿಸುವ ಹಾಗಿರಲಿಲ್ಲ. ಕನ್ನಡಿಯಲ್ಲೇ ಹಿರಿಸೊಸೆಯನ್ನು ಹುಡುಕಿ ಹಿಡಿದರು.

"ಆವತ್ತು ಅಂದ್ರೆ ಯಾವತ್ತೇ?"

"ಅದು... ಅತ್ತೆ, ಲೋಳೆ ಲೋಳೆ ಆಗಿತ್ತು. ನೋಡೋಕಾಗ್ತಿರಲಿಲ್ಲ. ಒಳ್ಳೇದಕ್ಕೇ ತೊಳೆದೆ."

"ತೊಳೆದಿದ್ದು ಇರಲಿ. ಮುಟ್ಟೇ ಇಲ್ಲ ಅಂದಿದ್ಯಲ್ಲ?"

ಓರಗಿತ್ತಿ ಕೈಗೆ ಸಿಕ್ಕ ಬಾಚಣಿಗೆಯನ್ನು ಒರೆಸತೊಡಗಿದಳು.

"ಇಷ್ಟು ದಿನ ಈ ಹುಡುಗಿ ಕೈಗೆ ಉಪ್ಪಿನ ಡಬ್ಬಿ ಕೊಡೋಕೂ ಹೆದರಿದ್ದೀನಲ್ಲೇ ನಾನು! ಕೈಗುಣ, ಕೈಗುಣ ಅಂತ ಬೀದಿಗೆಲ್ಲ ಸಾರಿದ್ದೀನಿ!" ಅತ್ತೆಯ ಹಣೆಯ ಮೇಲೆ ಕಪ್ಪುಬಣ್ಣದ ಒಂದು ಹನಿ ಇಳಿಯಿತು. ಒರೆಸಲು ಫಳಫಳ ಕೈ ಎತ್ತಿದಳು. "ಮುಟ್ಟಬೇಡ ನನ್ನ!"

ಅತ್ತೆಯ ಆ ಮಾತನ್ನು ಕಿರಿಯವಳು ಚಪ್ಪರಿಸಿದಳು. ಸೇಡು ತೀರಿದ ಮೇಲೆ ಬಾಯಿ ಕಹಿಯಾಗುತ್ತದೆಂದು ದೊಡ್ಡವರು ಹೇಳುತ್ತಾರೆ. ಆ ದೊಡ್ಡವರು ಯಾರೂ ಸರಿಯಾಗಿ ಸೇಡು ತೀರಿಸಿಕೊಂಡಿರಲಾರರು. ಬಹಳ ಸಿಹಿಯಾಗಿತ್ತು. ಆದರೆ ಮರಿಯ ಅಂಚು ಇನ್ನೊಂದೆಳೆ ಎದ್ದಿತು.

"ದೊಡ್ಡ ಟಬ್ಬು ಕೊಡಿ ಅಕ್ಕ. ಬಲೆ ಬೇಡ, ಮುಳ್ಳು ಸಿಕ್ಕಿಕೊಳ್ಳುತ್ತೆ. ನನ್ನ ಮನೆ ನೀರು ಹಣ್ಣಾಗಿದೆ."

ಓರಗಿತ್ತಿಯರಿಬ್ಬರೂ ಟಬ್ಬಿನ ಒಂದೊಂದು ಕಿವಿ ಹಿಡಿದು ರಸ್ತೆ ದಾಟಿದರು. ಗಾಡಿಗಳು ಹಾರನ್ ಹೊಡೆದವು. ಹೆಜ್ಜೆಗೊಮ್ಮೆ ನೀರು ತುಳುಕಿ ಹಿರಿಯವಳ ಇಸ್ತ್ರಿ ಮಾಡಿದ ಸೀರೆಗೇ ಬೀಳುತ್ತಿತ್ತು. ಕಿರಿಯವಳು ತನ್ನ ಕಡೆಯ ಕಿವಿಯನ್ನು ಕೊಂಚ ಎತ್ತರಕ್ಕೇ ಹಿಡಿದಿದ್ದಳು.

ಸ್ವಲ್ಪ ಸ್ವಲ್ಪವಾಗಿ ನೀರು ಬೆರೆಸಿ, ಕತ್ತಲಾಗುವ ಹೊತ್ತಿಗೆ ಮರಿಯನ್ನು ಬಿಟ್ಟಳು. ಅದು ಬಹಳ ಹೊತ್ತು ಬಿದ್ದಲ್ಲೇ ಬಿದ್ದಿತ್ತು. ಅವಳು ಊಟಕ್ಕೂ ಏಳಲಿಲ್ಲ. ಯಾವ ದೇವರಿಗೆ ಯಾವ ಮುಖ ಇಟ್ಟುಕೊಂಡು ಬೇಡುವುದೆಂದು ತೋಚದೆ, ಬರೀ "ಏಳು, ಏಳು" ಎನ್ನುತ್ತಿದ್ದಳು. ಕೊನೆಗೆ ಮರಿ ಮೈ ಅಲುಗಿಸಿತು, ಅಂಚನ್ನು ಕೆಳಗಿಳಿಸಿತು, ಒಂದು ಮುಷ್ಟಿ ಮರಳನ್ನು ಬೆನ್ನಿಗೆ ಎಳೆದುಕೊಂಡಿತು.

ಮುಂದಿನ ಭಾನುವಾರ ಓರಗಿತ್ತಿಯ ಮಗಳು ಬಂದವಳೇ, "ಚಿಕ್ಕಮ್ಮ, ಹಿಡ್ಕೊಳ್ಳಿ," ಎಂದು ಕೂಸನ್ನು ತಂದು ಅವಳ ತೋಳಿಗೆ ಹಾಕಿದಳು. ಅತ್ತೆ ಎಲ್ಲರಿಗೂ ಕೇಳುವಂತೆ, "ಚಿನ್ನದಂಥ ಕೈ ನಮ್ಮ ಚಿಕ್ಕ ಸೊಸೇದು. ಸಾಯೋ ಮೀನನ್ನ ಬದುಕಿಸಿದಳು," ಎಂದರು. ನಿಜಕ್ಕೂ ಶುದ್ಧವಾಗಿದ್ದಾಗ ಯಾರೂ ನಂಬದ ಕೈ ಅದು. ಕೂಸು ಅವಳ ಹೆಬ್ಬೆರಳು ಹಿಡಿದು ಬಾಯಿಗಿಟ್ಟುಕೊಂಡಿತು. ಅವಳು ಮೆಲ್ಲಗೆ ಬೆರಳು ಬಿಡಿಸಿಕೊಂಡು, ಎದ್ದು ಹೋಗಿ ಸೋಪು ಹಾಕಿ ಕೈ ತೊಳೆದು ಬಂದು ಮತ್ತೆ ಎತ್ತಿಕೊಂಡಳು.

ಪಾರ್ಲರಿನಲ್ಲಿ ಈಗ ಫಳಫಳ ನೀರು ಸಾಕುತ್ತಾಳೆ. ಸುಗಂಧದ ಸೀಸೆಗಳ ನಡುವೆ ನಿಂತು, ಮೂಗಿಗೆ ಸೆರಗು ಒತ್ತಿಕೊಂಡು ದಿನಾ ಅಮೋನಿಯದ ಹನಿ ಬಿಡುತ್ತಾಳೆ. ಬಂದವರು ಬಗ್ಗಿ ನೋಡಿ, "ಮೀನೆಲ್ಲಿ?" ಎನ್ನುತ್ತಾರೆ.

ಬೇಸರ ತಡೆಯದೆ ಒಂದು ಸಂಜೆ ಇಳಿದು ಬಂದಳು. ತೊಟ್ಟಿಯ ಮುಂದೆ ನಿಂತಳು, ಗಾಜು ಮುಟ್ಟಲಿಲ್ಲ.

"ತಪ್ಪಾಯ್ತು ಕಣೆ, ಆವತ್ತು," ಎಂದಳು, ಅವಸರವಸರವಾಗಿ, ಮಾತ್ರೆ ನುಂಗುವವರ ಹಾಗೆ. "ಇನ್ನೊಂದು ತುಂಡು ಸ್ಪಂಜು ಕೊಡ್ತೀಯಾ? ಆ ಮೊದಲಿನದು ಯಾಕೋ ಹಿಡೀಲಿಲ್ಲ. ನೀರು ಬೇಗ ಹಣ್ಣಾದ್ರೆ ನನ್ನ ಮೀನು ನಾನು ತಗೊಂಡು ಹೋಗ್ತೀನಿ."

ಮರಳಿನೊಳಗಿಂದ ಎರಡು ಕಣ್ಣು ಕಿರಿಯವಳತ್ತ ತಿರುಗಿದವು.

"ಅದಕ್ಕೇನಂತೆ ಅಕ್ಕ. ನಾಳೆ ಕೊಡ್ತೀನಿ."

ಅವಳ ಹೆಜ್ಜೆ ಮೆಟ್ಟಿಲು ಹತ್ತಿ ಮುಗಿಯುವ ತನಕ ಕಾದು, ಹೊಸದಾಗಿ ಹಾಕಿದ್ದ ಸ್ಪಂಜಿನಿಂದ ಒಂದು ತುಂಡು ಕತ್ತರಿಸಿ, ಒಲೆ ಹಚ್ಚಿದಳು. ಈ ಸಲ ಆ ತೊಟ್ಟಿಯಲ್ಲಿ ಸಾಯುವ ಜೀವ ಯಾವುದೂ ಇಲ್ಲವೆಂದು ಮನಸ್ಸಿಗೆ ಹೇಳಿಕೊಂಡಳು. ಮನಸ್ಸು ಕೇಳಿರಲೇ ಇಲ್ಲ.

ಗಂಡ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ. ಮೂಗೆಳೆದ. ಪಾತ್ರೆಯನ್ನು ನೋಡಿದ, ತೊಟ್ಟಿಯನ್ನು ನೋಡಿದ, ತಲೆಯೆತ್ತಿ ಮಹಡಿಯ ಕಡೆ ನೋಡಿದ.

"ಅತ್ತಿಗೆಗಾ?"

"ಹೂಂ."

"ಉಪ್ಪು ನೋಡಿ ಹಾಕು," ಎಂದು ಚಪ್ಪಲಿ ಬಿಡಲು ಹೋದ.