ಮನೆಯಲ್ಲಿ ಮೂವತ್ತರ ಒಳಗಿನವರು

ಗ್ಯೋಕ್‌ಲಾನ್ ಮುದುಕಿ ಸೋಮವಾರದಿಂದ ಫೋನಿನ ಪಕ್ಕ ಬಿಟ್ಟು ಕದಲಿರಲಿಲ್ಲ. ಬಚ್ಚಲಿಗೆ ಹೋದರೂ ಬಾಗಿಲು ಅರ್ಧ ತೆರೆದಿಟ್ಟೇ ಹೋಗುತ್ತಿದ್ದಳು. ತೈವಾನಿನ ತೈನಾನ್ ಊರಿನ ಆ ಓಣಿಯಲ್ಲಿ ಲ್ಯಾಂಡ್‌ಲೈನ್ ಇದ್ದವರೆಲ್ಲ ಹೀಗೇ ಕಾವಲು ಕೂತಿದ್ದರು. ಅಧ್ಯಕ್ಷ ಚುನಾವಣೆಗೆ ಪಕ್ಷದಿಂದ ನಿಲ್ಲುವವನು ಜುವಾಂಗೋ ಫಾನೋ ಎಂಬುದನ್ನು ಈ ವಾರದ ಫೋನ್ ಸಮೀಕ್ಷೆಯೇ ತೀರ್ಮಾನಿಸಬೇಕಿತ್ತು. ಯಾರ ಮನೆಗೆ ಕರೆ ಬರುತ್ತದೋ ದೇವರಿಗೇ ಗೊತ್ತು. ಬಂದಾಗ ಎತ್ತಬೇಕು, ಅಷ್ಟೇ.

ಟೀವಿಯವರಂತೂ ಜನರ ತಲೆ ಕೆಡಿಸಿಬಿಟ್ಟಿದ್ದರು. ಬೆಳಿಗ್ಗೆ ಜುವಾಂಗ್ ಶೇಕಡಾ ಎರಡರಷ್ಟು ಮುಂದೆ, ಮಧ್ಯಾಹ್ನ ಫಾನ್ ಮೂರರಷ್ಟು ಮುಂದೆ. ಸಂಜೆಯಾದರೆ ಕೋಟು ತೊಟ್ಟ ಪಂಡಿತರು ಸಾಲಾಗಿ ಕೂತು ಮೇಜು ಗುದ್ದಿ, ಎರಡೂ ಸರಿಯೇ ಎಂದು ಸಾಧಿಸುತ್ತಿದ್ದರು. ಇರುವುದು ಅದೇ ಜನ. ಚಾನೆಲ್ ಬದಲಿಸಿದ ಕೂಡಲೇ ಅವರ ಮನಸ್ಸೂ ಬದಲಾಗುತ್ತದೆಯೇ? ಥೂ!

ಗ್ಯೋಕ್‌ಲಾನ್ ಮಾತ್ರ ಬದಲಾಗುವವಳಲ್ಲ. ಚಂಡಮಾರುತ ಬಡಿದ ವರ್ಷ ಓಣಿಯಲ್ಲಿ ಎದೆಮಟ್ಟ ನೀರು ನಿಂತಿದ್ದಾಗ, ಆಗಿನ್ನೂ ಬರೀ ಕೌನ್ಸಿಲರ್ ಆಗಿದ್ದ ಜುವಾಂಗ್ ಅವಳ ಗಂಡನನ್ನು ಬೆನ್ನ ಮೇಲೆ ಹೊತ್ತು ಆಸ್ಪತ್ರೆ ಮುಟ್ಟಿಸಿದ್ದ. ಆ ಋಣ ತೀರಿಸಲು ಅವಳಿಗಿದ್ದ ದಾರಿ ಈ ಫೋನೊಂದೇ.

ಮೊಮ್ಮಗಳು ಪೇಶಾನ್ ಮಾತ್ರ ಫಾನ್ ಕಡೆ. ಹೆತ್ತವರನ್ನು ಕಳೆದುಕೊಂಡ ಮಗುವನ್ನು ಎತ್ತಿ ಆಡಿಸಿ ದೊಡ್ಡದು ಮಾಡಿದವಳು ಅಜ್ಜಿಯೇ. ಈಗ ಇಡೀ ಮನೆಗೆ ಇರುವವರು ಇವರಿಬ್ಬರೇ. ಈ ಹುಡುಗಿಯೂ ಇಲ್ಲದಿದ್ದರೆ ಮುದುಕಿಯನ್ನು ಮಾತಾಡಿಸುವವರೂ ಇಲ್ಲ.

"ಆಮಾ, ನಿನ್ ಜುವಾಂಗ್ ನಮ್ಮಂಥೋರ ಸಂಬಳದ ಬಗ್ಗೆ, ಬಾಡಿಗೆ ಬಗ್ಗೆ ಒಂದ್ ಮಾತಾದ್ರೂ ಆಡಿದಾನಾ?" ಎಂದು ಪೇಶಾನ್ ಅಜ್ಜಿಯನ್ನು ಕೆಣಕುತ್ತಿದ್ದಳು.

"ನಿನ್ ಫಾನ್ ಯಾರನ್ನಾದ್ರೂ ಬೆನ್ನ ಮೇಲೆ ಹೊತ್ತಿದಾನಾ? ತಲೆಗೆ ಎಣ್ಣೆ ಹಚ್ಕೊಂಡು ಟೀವೀಲಿ ಹಲ್ಲು ಕಿರಿಯೋದೊಂದು ಗೊತ್ತು ಅವನಿಗೆ."

"ಸರಿ ಬಿಡು, ಒಂದ್ ಒಪ್ಪಂದ ಮಾಡ್ಕೊಳ್ಳೋಣ. ಅವರು ವಯಸ್ಸು ನೋಡಿ ಮಾತಾಡಿಸ್ತಾರಂತೆ. ಯಾರನ್ನ ಕೇಳ್ತಾರೋ ಅವರೇ ಮಾತಾಡ್ಬೇಕು. ಮೋಸ ಗೀಸ ಮಾಡಿದ್ರೆ ನೋಡು ಮತ್ತೆ!"

"ನಾನ್ಯಾಕೆ ಮೋಸ ಮಾಡ್ಲಿ? ಹೋಗೇ, ಬಂದ್ಬಿಟ್ಳು!"

ಇಬ್ಬರೂ ನಕ್ಕು ಮೀನಿನ ಗಂಜಿ ಕುಡಿದಿದ್ದರು.

ಶುಕ್ರವಾರ ಸಂಜೆ ಫೋನು ಬಡಿದುಕೊಂಡಿತು. ಗ್ಯೋಕ್‌ಲಾನ್ ಎತ್ತಿದವಳೇ ಕೂಗಿದಳು: "ಜುವಾಂಗ್! ನಂದು ಜುವಾಂಗ್‌ಗೇ!"

ಆ ಕಡೆಯ ಹೆಣ್ಣುದನಿ ತಾಳ್ಮೆಯಿಂದ ವಯಸ್ಸು ಕೇಳಿತು. ಎಪ್ಪತ್ತಾರು ಅಂದಳು.

"ಕ್ಷಮಿಸಿ ಅಜ್ಜಿ, ನಿಮ್ಮ ವಯಸ್ಸಿನೋರು ಆಗ್ಲೇ ಬೇಕಾದಷ್ಟು ಜನ ಸಿಕ್ಕಿದ್ದಾರೆ. ಮನೇಲಿ ಮೂವತ್ತರ ಒಳಗಿನವರು ಯಾರಾದ್ರೂ ಇದ್ದಾರಾ?"

ಮಹಡಿಯ ಮೇಲೆ ಪೇಶಾನ್ ತಲೆಗೂದಲು ಒಣಗಿಸಿಕೊಳ್ಳುತ್ತಿದ್ದ ಯಂತ್ರದ ಸದ್ದು ಕೇಳುತ್ತಿತ್ತು. ಎದುರಿಗೆ ಟೀವಿಯಲ್ಲಿ ಫಾನ್ ಶೇಕಡಾ ಅರ್ಧದಷ್ಟು ಮುಂದಿದ್ದ. ಕೂಗಿ ಕರೆದರೆ ಮುಗಿಯಿತು, ಒಂದು ಓಟು ಆ ಎಣ್ಣೆತಲೆಯವನಿಗೆ.

"ಇಲ್ಲಮ್ಮ. ಮನೇಲಿ ನಾನೊಬ್ಬಳೇ."

ಫೋನಿಟ್ಟು ತಿರುಗಿದರೆ, ಒದ್ದೆ ಕೂದಲು ಇಳಿಬಿಟ್ಟುಕೊಂಡು ಪೇಶಾನ್ ಮೆಟ್ಟಿಲ ಮೇಲೆ ನಿಂತಿದ್ದಳು. ಯಂತ್ರದ ಸದ್ದು ಯಾವಾಗ ನಿಂತಿತೋ. ಜಗಳವಾಡುತ್ತಾಳೆ, ಕೂಗಾಡುತ್ತಾಳೆ ಎಂದು ಅಜ್ಜಿ ಕಾದಳು. ಅವಳು ತಿರುಗಿ ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು. ಅಂದು ಊಟಕ್ಕೂ ಇಳಿಯಲಿಲ್ಲ.

ಮಾರನೆಯ ದಿನ ಫಲಿತಾಂಶ ಬಂತು. ಕೂದಲೆಳೆಯಷ್ಟರಲ್ಲಿ ಜುವಾಂಗ್ ಗೆದ್ದಿದ್ದ. ಫಾನ್ ಗೆದ್ದೇ ಗೆಲ್ಲುತ್ತಾನೆ ಎಂದಿದ್ದ ಪಂಡಿತರು, ಇದು ನಮಗೆ ಮೊದಲೇ ಗೊತ್ತಿತ್ತು ಎನ್ನುತ್ತಿದ್ದರು. ಓಣಿ ತುಂಬ ಪಟಾಕಿ. ಗ್ಯೋಕ್‌ಲಾನ್‌ಗೆ ಸಂತೋಷ ಬರಲೇ ಇಲ್ಲ. ಹುಡುಗಿಯನ್ನು ಸಮಾಧಾನ ಮಾಡಬೇಕೆಂದು, ಅವಳಿಗಿಷ್ಟವಾದ ಗಂಜಿಗೆ ಮೀನು ಹೆಚ್ಚುತ್ತಾ ಕೂತಿದ್ದಳು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಎರಡೂ ಕೈ ಮೀನಿನ ರಕ್ತವಾಗಿತ್ತು.

"ಪೇಶಾನ್! ಮಗಾ, ಸ್ವಲ್ಪ ಎತ್ತೇ!"

ಮೇಲಿನಿಂದ ಉತ್ತರ ಬಂತು. ದನಿಯಲ್ಲಿ ಕೋಪವೂ ಇರಲಿಲ್ಲ.

"ನೀನೇ ಎತ್ಕೋ ಆಮಾ. ಮನೇಲಿ ನೀನೊಬ್ಬಳೇ ಅಲ್ವಾ?"

ಫೋನು ಬಡಿದುಕೊಂಡು ಬಡಿದುಕೊಂಡು ತಾನೇ ಸುಮ್ಮನಾಯಿತು.